ಕಣಿ, ತೋಡು ಮತ್ತು ಮಣ್ಣಿನೊಳಗಿನ ನೀರು: ಒಂದು ಹಿನ್ನೋಟ

ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನಾವು ಸ್ವಲ್ಪ ಹಿಂದೆ ಮುಂದೆ ನೋಡಿದ್ದುಂಟು. ಪಾಲು ಬಂಡವಾಳ, ಠೇವಣಿ, ಲಾಭಾಂಶ ಇತ್ಯಾದಿಗಳ ವಿವರ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತದೆ. ಸ್ಥಾಪಕರ ನೆನಪುಗಳನ್ನು ಬರೆಯಲು ನಮಗಿಂತ ಹಿರಿಯರಿದ್ದಾರೆ. ನಮಗೆ ನೆನಪಾದದ್ದು ಕಚೇರಿಯ ಮರದ ಕಪಾಟಿನಲ್ಲಿರುವ ಸಾಲದ ಅರ್ಜಿಗಳ ಹಳೇ ಕಟ್ಟು. ಅದರಲ್ಲಿ "ಸಾಲದ ಉದ್ದೇಶ" ಎಂಬ ಅಂಕಣದಲ್ಲಿ ಎಷ್ಟೋ ಕಡೆ ಒಂದೇ ಮಾತು ಉಂಟು: "ತೋಟಕ್ಕೆ ಕಣಿ ತೆಗೆಯಲು."

ಆ ಅರ್ಜಿಗಳನ್ನು ಮಂಜೂರು ಮಾಡಿದವರಲ್ಲಿ ನಾವೂ ಇದ್ದೆವು. ನಿರ್ದೇಶಕರಾಗಿ ನಾವು ನೋಡುತ್ತಿದ್ದದ್ದು ಆರ್‌ಟಿಸಿ, ಇಬ್ಬರು ಜಾಮೀನುದಾರರು, ಹಳೇ ಬಾಕಿ ಇಷ್ಟೇ. ಕಣಿಗೆ ಎಕರೆಗೆ ಇಂತಿಷ್ಟು ಎಂದು ಒಂದೇ ದರ ಇಟ್ಟಿದ್ದೆವು. ಗುಡ್ಡದ ಬದಿಯ ಮುರಕಲ್ಲಿನ ಜಾಗವಾಗಲಿ, ಬೈಲಿನ ಕೆಸರುಗದ್ದೆಯಾಗಲಿ ಲೆಕ್ಕ ಒಂದೇ. ಮಣ್ಣು ಎಂಥದ್ದು ಎಂದು ನಾವು ಕೇಳಲಿಲ್ಲ. ಒಬ್ಬ ಸದಸ್ಯರು ಬೈಲಿನ ಗದ್ದೆಯನ್ನು ಅಡಿಕೆ ತೋಟ ಮಾಡಿದರು. ಎರಡು ಸಾಲಿಗೆ ಒಂದು ಕಣಿಯಂತೆ ಕ್ರಮವಾಗಿಯೇ ತೆಗೆಸಿದರು. ಮೂರನೇ ಮಳೆಗಾಲ ಕಳೆಯುವಾಗ ಸಸಿಗಳ ಸೋಗೆ ಹಳದಿ ತಿರುಗಿತು, ಬೇರು ಕಿತ್ತು ನೋಡಿದರೆ ಕೊಳೆತ ವಾಸನೆ. ಕಂತು ಬಾಕಿಯಾಯಿತು, ನೋಟೀಸು ಹೋಯಿತು. ಮಹಾಸಭೆಯಲ್ಲಿ ಅವರು ಎದ್ದು ನಿಂತು, "ಸಾಲ ನಾನು ಕಟ್ಟುತ್ತೇನೆ ಮಾರಾಯ್ರೆ, ಆ ನೀರನ್ನು ಎಂತ ಮಾಡುವುದು ಅಂತ ನೀವು ಹೇಳಿ" ಎಂದು ಕೇಳಿದರು. ವೇದಿಕೆಯ ಮೇಲಿದ್ದ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾವು ಓದಿ, ಕೇಳಿ, ಹೊಂಡ ತೋಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ನೆಲದ ಸಂಗತಿ. ಕುಲಶೇಖರ ಎಂದರೆ ಈಗ ಹೊರಗಿನವರಿಗೆ ಕಾಣುವುದು ಹಾಲಿನ ಡೇರಿ, ಕೊರ್ಡೆಲ್ ಇಗರ್ಜಿ, ಹೆದ್ದಾರಿಯ ವಾಹನಗಳ ಸಾಲು. ಊರಿನ ಹೆಸರನ್ನು ಆಳುಪ ಅರಸ ಕುಲಶೇಖರನಿಗೆ ಜೋಡಿಸಿ ಹೇಳುವುದು ರೂಢಿ. ಆದರೆ ಅರಸರಿಗಿಂತ ಹಳೆಯದು ಇಲ್ಲಿನ ಏರು ತಗ್ಗು. ಮೇಲೆ ಮುರಕಲ್ಲಿನ ಗುಡ್ಡ, ಅದರ ಇಳಿಜಾರಿನಲ್ಲಿ ಮನೆ ಹಿತ್ತಿಲು, ಕೆಳಗೆ ಬೈಲು, ಬೈಲಿನ ನಡುವೆ ತೋಡು. ಮುರಕಲ್ಲು ಜೇನುಗೂಡಿನ ಹಾಗೆ ತೂತು ತೂತು. ಮಳೆ ನೀರು ಅದರೊಳಗೆ ಸರಾಗವಾಗಿ ಇಳಿಯುತ್ತದೆ. ಅದರ ಅಡಿಯಲ್ಲಿ ಇರುವುದು ಶೇಡಿ ಮಣ್ಣು, ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣು. ಇದು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಮೇಲಿನಿಂದ ಇಳಿದು ಬಂದ ನೀರು ಶೇಡಿಯ ತಲೆಯ ಮೇಲೆ ನಿಂತು, ಕೆಳಕ್ಕೆ ದಾರಿ ಇಲ್ಲದೆ ಅಡ್ಡಕ್ಕೆ ಸರಿಯುತ್ತದೆ. ಬಾವಿ ತೋಡಿಸಿದವರಿಗೆಲ್ಲ ಇದು ಗೊತ್ತು. ಮುರಕಲ್ಲು ಮುಗಿದು ಶೇಡಿ ಸುರುವಾಗುವ ಗೆರೆಯಲ್ಲಿಯೇ ಒಸರು ಕಾಣುವುದು.

ಈ ಅಡ್ಡ ಹರಿವನ್ನು ನಮ್ಮ ಜಿಲ್ಲೆಯವರು ಪುಸ್ತಕ ಓದದೆ ಉಪಯೋಗಿಸಿಕೊಂಡರು. ಬಂಟ್ವಾಳ, ಪುತ್ತೂರು ತಾಲೂಕುಗಳಲ್ಲಿ, ಗಡಿಯಾಚೆ ಕಾಸರಗೋಡಿನಲ್ಲಿ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತೆಗೆಯುವ ಪದ್ಧತಿ ಉಂಟಲ್ಲ, ಅದು ಇದೇ. ಅಡ್ಯನಡ್ಕದ ಸಮೀಪ ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗದ ಮೇಲೆ ಸುರಂಗ ಕೊರೆದು ನೀರು ತಂದು ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸುರಂಗದವರಿಗೆ ಬೇಕಾದದ್ದು ನೀರು, ಕಣಿಯವರಿಗೆ ಬೇಡವಾದದ್ದು ನೀರು. ಮಣ್ಣಿನೊಳಗೆ ಅದು ನಡೆಯುವ ರೀತಿ ಮಾತ್ರ ಒಂದೇ.

ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದ್ದೂ ನೀರಿನ ಲೆಕ್ಕದಲ್ಲಿಯೇ. ಬೆಟ್ಟುಗದ್ದೆಯಲ್ಲಿ ನೀರು ನಿಲ್ಲದು, ಅಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿಯೂ ಆಗುತ್ತದೆ. ಬೈಲಿನಲ್ಲಿ ನೀರಿನ ಅನುಕೂಲವಿದ್ದರೆ ಕೊಳಕೆ ಸೇರಿ ಮೂರು. 1801ರಲ್ಲಿ ಕಂಪೆನಿ ಸರಕಾರದ ಪರವಾಗಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮೂರು ಹೆಸರುಗಳನ್ನೂ ಕೇಳಿ ಬರೆದುಕೊಂಡಿದ್ದಾನೆ. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಇಟ್ಟವನೂ ಅವನೇ. ಮಲಬಾರಿನ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿದು ಗೋಡೆ ಕಟ್ಟುವುದನ್ನು ನೋಡಿ, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ ಇರುವ ಶಬ್ದದಿಂದ ಹೆಸರು ಮಾಡಿದ. 1807ರಲ್ಲಿ ಪ್ರಕಟವಾದ ಅವನ ಪುಸ್ತಕದಿಂದ ಆ ಹೆಸರು ಲೋಕಕ್ಕೆಲ್ಲ ಹೋಯಿತು. ಕಲ್ಲಿನ ಹೆಸರು ಹೋಯಿತು ವಿನಾ ಕಲ್ಲಿನೊಳಗೆ ನೀರು ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ಆಗ ಯಾರೂ ಅಳೆಯಲಿಲ್ಲ. ಅಳೆಯುವ ಕ್ರಮವೇ ಹುಟ್ಟಿರಲಿಲ್ಲ.

ನೀರು ಮಣ್ಣಿನೊಳಗೆ ಸಿಕ್ಕಿಬಿದ್ದರೆ ಎಂತಾಗುತ್ತದೆ ಎಂಬುದಕ್ಕೆ ತೋಟವೇ ಆಗಬೇಕೆಂದಿಲ್ಲ. 2019ರ ಆಗಸ್ಟ್ 23ರಂದು ಪಡೀಲು ಮತ್ತು ಕುಲಶೇಖರದ ನಡುವೆ ಗುಡ್ಡದ ಮಣ್ಣು ಜರಿದು ರೈಲು ಹಳಿಯ ಮೇಲೆ ಬಂತು. ಮಣ್ಣು ತೆಗೆದಷ್ಟೂ ಮತ್ತೆ ಜಾರಿ ಬರುತ್ತಿತ್ತು. ಕೊಂಕಣ ಮಾರ್ಗದ ರೈಲುಗಳು ಹಲವು ದಿನ ನಿಂತವು. ಕಡಿದ ಗುಡ್ಡದಲ್ಲಿ ಮಳೆ ನೀರು ತುಂಬಿ ಹೊರಬರಲು ದಾರಿ ಕಾಣದಿದ್ದರೆ, ಮಣ್ಣಿನ ಭಾರ ಹೆಚ್ಚುತ್ತದೆ, ಕಣಕ್ಕೆ ಕಣ ಹಿಡಿದುಕೊಳ್ಳುವ ಶಕ್ತಿ ತಗ್ಗುತ್ತದೆ. ಗುಡ್ಡಕ್ಕೂ ಕಣಿ ಬೇಕು.

ಈಗ ಲೆಕ್ಕ ಹುಟ್ಟಿದ ಕತೆಗೆ ಬರೋಣ. ಇದರಲ್ಲಿ ಸಹಕಾರಿಗಳಾದ ನಮಗೆ ಸ್ವಾರಸ್ಯವೆನಿಸುವ ಒಂದು ಸಂಗತಿ ಉಂಟು. ಇಂಗ್ಲೆಂಡಿನಲ್ಲಿ 1846ರಲ್ಲಿ ಜಮೀನಿನ ಬಸಿಗಾಲುವೆಗಾಗಿಯೇ ಸರಕಾರದಿಂದ ಸಾಲ ಕೊಡುವ ಒಂದು ಕಾಯ್ದೆ ಬಂತು. ಒಟ್ಟು 20 ಲಕ್ಷ ಪೌಂಡು. ವರ್ಷಕ್ಕೆ ನೂರಕ್ಕೆ ಆರೂವರೆಯಂತೆ 22 ವರ್ಷ ಕಟ್ಟಿದರೆ ಅಸಲು ಬಡ್ಡಿ ಎರಡೂ ತೀರುತ್ತಿತ್ತು. ಸಾಲ ಕೊಡುವ ಮೊದಲು ಅಧಿಕಾರಿ ಬಂದು ಜಾಗ ನೋಡುತ್ತಿದ್ದ. ನಾವು ಮಾಡದ ಕೆಲಸ! ಹಣ ಬಂದ ಮೇಲೆ ಅಲ್ಲಿಯೂ ಜಗಳ ಸುರುವಾಯಿತು. ಸ್ಕಾಟ್ಲೆಂಡಿನ ಡೀನ್‌ಸ್ಟನ್ನಿನ ಜೇಮ್ಸ್ ಸ್ಮಿತ್, ಕಣಿ ಆಳ ಬೇಡ, ಎರಡೂವರೆ ಅಡಿ ಸಾಕು, ಆದರೆ ಹತ್ತಿರ ಹತ್ತಿರ ತೆಗೆಯಿರಿ ಎಂದ. ಜೋಸಯಾ ಪಾರ್ಕ್ಸ್ ಎಂಬ ಎಂಜಿನಿಯರ್, ನಾಲ್ಕು ಅಡಿ ಆಳ ಹೋಗಿ, ದೂರ ದೂರ ಇಡಿ ಎಂದ. ಇಬ್ಬರ ಹಿಂದೆಯೂ ರೈತರ ದೊಡ್ಡ ಗುಂಪು. ಮಣ್ಣನ್ನು ಅಳೆಯುವ ಸಾಧನ ಇಬ್ಬರ ಕೈಯಲ್ಲೂ ಇರಲಿಲ್ಲ. ಅವರವರ ಮಣ್ಣಿನಲ್ಲಿ ಅವರವರು ಸರಿ ಇದ್ದಿರಬೇಕು.

ಆ ಕಣಿಗಳಿಗೆ ಅವರು ಸುಟ್ಟ ಮಣ್ಣಿನ ಕೊಳವೆ ಹೂಳುತ್ತಿದ್ದರು. ಅದಕ್ಕೆ ಅವರ ಭಾಷೆಯಲ್ಲಿ ಹಂಚು ಎಂದೇ ಹೆಸರು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದರು. ಮುಂದೆ ಮಂಗಳೂರು ಹಂಚು ಸಮುದ್ರ ದಾಟಿ ಹೋಯಿತು. ಅಲ್ಲಿ ಹಂಚು ನೆಲದಡಿಯ ನೀರಿಗೆ, ಇಲ್ಲಿ ಮಾಡಿನ ಮೇಲಿನ ನೀರಿಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ, ಹಂಚಿಗೆ ಹೇಳಿಸಿದ ಜೇಡಿ ಮಣ್ಣು ಇರುವ ಊರಿನಲ್ಲಿ, ತೋಟದ ಅಡಿಗೆ ಹಂಚಿನ ಕೊಳವೆ ಹಾಕುವುದು ರೂಢಿಯಾಗಲಿಲ್ಲ. ನಮ್ಮವರು ತೆರೆದ ಕಣಿಯನ್ನೇ ನೆಚ್ಚಿದರು. ಅದು ತಪ್ಪೆಂದು ಹೇಳಲಾರೆವು. ತೆರೆದ ಕಣಿಯಲ್ಲಿ ಮೇಲೆ ಹರಿಯುವ ನೀರೂ ಹೋಗುತ್ತದೆ, ಹೂಳು ತುಂಬಿದರೆ ಕಣ್ಣಿಗೂ ಕಾಣುತ್ತದೆ.

ಅಳತೆ ಸಿಕ್ಕಿದ್ದು 1856ರಲ್ಲಿ. ಫ್ರಾನ್ಸಿನ ಡಿಜೋನ್ ಪಟ್ಟಣದ ಹೆನ್ರಿ ಡಾರ್ಸಿ ಎಂಬ ಎಂಜಿನಿಯರ್ ತನ್ನ ಊರಿಗೆ ಕುಡಿಯುವ ನೀರು ತಂದವನು. ಮರಳಿನ ಮೂಲಕ ನೀರು ಸೋಸುವಾಗ ಎಷ್ಟು ಇಳಿಯುತ್ತದೆ ಎಂದು ಅವನಿಗೆ ತಿಳಿಯಬೇಕಿತ್ತು. ಊರಿನ ಆಸ್ಪತ್ರೆಯ ಆವರಣದಲ್ಲಿ ಆಳೆತ್ತರಕ್ಕಿಂತ ಎಷ್ಟೋ ಮೇಲಿನ ಕಬ್ಬಿಣದ ಕೊಳವೆ ನಿಲ್ಲಿಸಿ, ಅದಕ್ಕೆ ಮರಳು ತುಂಬಿ, ಮೇಲಿಂದ ನೀರು ಬಿಟ್ಟು ಅಳೆದ. ಕಂಡದ್ದು ಬಹಳ ಸರಳ ಸಂಗತಿ: ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಎತ್ತರದ ವ್ಯತ್ಯಾಸ ಇಮ್ಮಡಿಯಾದರೆ ಹರಿವು ಇಮ್ಮಡಿ. ನೀರು ದಾಟಬೇಕಾದ ಮರಳಿನ ಉದ್ದ ಇಮ್ಮಡಿಯಾದರೆ ಹರಿವು ಅರ್ಧ. ಉಳಿದದ್ದು ಮಣ್ಣಿನ ಗುಣ. ಮರಳು ಬದಲಾದರೆ ಒಂದು ಅಂಕಿ ಬದಲಾಗುತ್ತದೆ, ಅಷ್ಟೇ. ಆ ಅಂಕಿಯನ್ನು ಈಗ ಜಲವಾಹಕತೆ ಎನ್ನುತ್ತಾರೆ. ಇದನ್ನು ಪ್ರಕಟಿಸಿ ಎರಡು ವರ್ಷದೊಳಗೆ ಡಾರ್ಸಿ ತೀರಿಕೊಂಡ. ಕುಡಿಯುವ ನೀರಿಗಾಗಿ ಮಾಡಿದ ಲೆಕ್ಕ ತೋಟದ ಕಣಿಗೆ ಉಪಯೋಗವಾದದ್ದನ್ನು ಅವನು ನೋಡಲಿಲ್ಲ.

ಉಪಯೋಗಿಸಿಕೊಂಡವರಲ್ಲಿ ಮುಖ್ಯರು ಡಚ್ಚರು. ಸಮುದ್ರ ಮಟ್ಟಕ್ಕಿಂತ ಕೆಳಗೆ ಬೇಸಾಯ ಮಾಡುವವರಿಗೆ ಕಣಿಯೆಂದರೆ ಜೀವನ ಮರಣದ ಪ್ರಶ್ನೆ. ಗ್ರೋನಿಂಗನ್ನಿನ ಮಣ್ಣುಶಾಸ್ತ್ರಜ್ಞ ಹೂಘೌಟ್ 1940ರಲ್ಲಿ ಡಾರ್ಸಿಯ ನಿಯಮದ ಮೇಲೆ ಒಂದು ಸೂತ್ರ ಕಟ್ಟಿದ. ಮಣ್ಣಿನ ಗುಣ, ಕಣಿಯ ಆಳ, ದಿನಕ್ಕೆ ಇಂಗುವ ನೀರು ಈ ಮೂರು ತಿಳಿದರೆ ಕಣಿಯಿಂದ ಕಣಿಗೆ ಎಷ್ಟು ಅಂತರ ಇರಬೇಕೆಂದು ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ಲೆಕ್ಕದ ಅಗತ್ಯ ಬಿದ್ದದ್ದು ಘಟ್ಟದ ಮೇಲೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಮೇಲೆ ಕಪ್ಪು ಮಣ್ಣಿನ ಎಷ್ಟೋ ಜಮೀನು ಜವಳು ಹಿಡಿಯಿತು, ಉಪ್ಪು ಮೇಲೆ ಬಂತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದಡಿ ತೂತುಕೊಳವೆ ಹೂತು ನೀರನ್ನೂ ಉಪ್ಪನ್ನೂ ಬಸಿಯುವ ಪ್ರಯೋಗಗಳನ್ನು ಮಾಡಿದ್ದಾರೆ. ಅಲ್ಲಿಯದ್ದು ಉಪ್ಪಿನ ಕಷ್ಟ, ನಮ್ಮದು ಮಳೆಯ ಕಷ್ಟ. ಅವರ ಅಂತರವನ್ನು ನಾವು ನಕಲು ಮಾಡಿದರೆ ಕೆಟ್ಟೆವು.

ನಮ್ಮ ಅಡಿಕೆಯ ಮಟ್ಟಿಗೆ ದಾರಿ ತೋರಿಸಿದ್ದು ವಿಟ್ಲ. 1956ರಲ್ಲಿ ಅಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಸುರುವಾಯಿತು. 1970ರಲ್ಲಿ ಅದು ಸಿಪಿಸಿಆರ್‌ಐಗೆ ಸೇರಿತು. ಅಲ್ಲಿನವರು ಹೇಳುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ: ಸಸಿಯಿಂದ ಸಸಿಗೆ 2.7 ಮೀಟರ್, 90 ಸೆಂಟಿಮೀಟರ್ ಆಳದ ಗುಂಡಿ, ಎರಡು ಸಾಲಿಗೆ ಒಂದು ಕಣಿ, ಕಣಿ ಗುಂಡಿಯ ತಳಕ್ಕಿಂತ 15ರಿಂದ 30 ಸೆಂಟಿಮೀಟರ್ ಕೆಳಗೆ ಇರಬೇಕು. ಅಂದರೆ ಕಣಿಯಿಂದ ಕಣಿಗೆ 5.4 ಮೀಟರ್. ಹಿರಿಯರೂ ಹಾಗೆಯೇ ಮಾಡುತ್ತಿದ್ದರು. ಹಾಗಾದರೆ ಆ ಸದಸ್ಯರ ತೋಟ ಯಾಕೆ ಕೊಳೆಯಿತು?

ಒಂದು ಲೆಕ್ಕ ಹಾಕಿ ನೋಡೋಣ. ಕಣಿಯ ತಳದಲ್ಲಿಯೇ ಶೇಡಿ ಇದೆ ಎಂದಿಟ್ಟುಕೊಂಡರೆ ಹೂಘೌಟನ ಸೂತ್ರ ಸಣ್ಣದಾಗುತ್ತದೆ. ಅಂತರದ ವರ್ಗ ಎಂದರೆ, ನಾಲ್ಕು ಗುಣಿಸು ಜಲವಾಹಕತೆ, ಗುಣಿಸು ನೀರಿನ ಏರಿನ ವರ್ಗ, ಇದನ್ನು ದಿನಕ್ಕೆ ಇಂಗುವ ನೀರಿನಿಂದ ಭಾಗಿಸುವುದು. ಏರು ಎಂದರೆ ಎರಡು ಕಣಿಗಳ ನಡುಮಧ್ಯೆ ಮಣ್ಣಿನೊಳಗಿನ ನೀರು ಕಣಿಯ ತಳಕ್ಕಿಂತ ಎಷ್ಟು ಎತ್ತರ ನಿಲ್ಲಬಹುದು ಎಂಬುದು. ಕಣಿ 1.1 ಮೀಟರ್ ಆಳ, ಬೇರಿಗೆ ಮೇಲಿನ 60 ಸೆಂಟಿಮೀಟರ್ ಒಣಗಿರಬೇಕು ಎಂದರೆ ಏರು ಅರ್ಧ ಮೀಟರ್. ಜುಲೈ ತಿಂಗಳ ಮಳೆಯಲ್ಲಿ ಮೇಲಿಂದಲೇ ಹರಿದು ಹೋದದ್ದು ಕಳೆದು, ದಿನಕ್ಕೆ 20 ಮಿಲಿಮೀಟರ್ ಇಂಗುತ್ತದೆ ಎಂದು ಹಿಡಿಯೋಣ. ಜಲವಾಹಕತೆ ದಿನಕ್ಕೆ 1 ಮೀಟರ್ ಇದ್ದರೆ ಅಂತರ 7 ಮೀಟರ್ ಬರುತ್ತದೆ. ಅರ್ಧ ಮೀಟರ್ ಇದ್ದರೆ 5 ಮೀಟರ್. ಜಲವಾಹಕತೆ ಬರೇ 10 ಸೆಂಟಿಮೀಟರ್ ಎಂದಾದರೆ ಅಂತರ ಎರಡೂಕಾಲು ಮೀಟರ್‌ಗೆ ಇಳಿಯುತ್ತದೆ!

ಈ ಅಂಕಿಗಳನ್ನು ಮೊದಲ ಸಲ ಕಾಗದದ ಮೇಲೆ ಕಂಡಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಎರಡು ಸಾಲಿಗೆ ಒಂದು ಕಣಿ ಎಂಬ ಹಿರಿಯರ ಕ್ರಮ, ಮೇಲಿನ ಲೆಕ್ಕದ ಪ್ರಕಾರ, ಜಲವಾಹಕತೆ ದಿನಕ್ಕೆ ಸುಮಾರು 60 ಸೆಂಟಿಮೀಟರ್ ಇರುವ ಮಣ್ಣಿಗೆ ಸರಿಯಾಗಿ ಹೊಂದುತ್ತದೆ. ಸಾಧಾರಣ ತೋಟದ ಮಣ್ಣಿಗೆ ಅದು ಅನುಭವದಿಂದ ಬಂದ ಉತ್ತರ. ಆದರೆ ತಲೆತಲಾಂತರದಿಂದ ಕೆಸರು ಉತ್ತು ತಳ ಗಟ್ಟಿಯಾದ ಬೈಲುಗದ್ದೆಗೆ, ಶೇಡಿ ಮೇಲೆಯೇ ಬಂದ ಜಾಗಕ್ಕೆ ಅದು ಸಾಲದು. ಅಲ್ಲಿ ಸಾಲಿಗೊಂದು ಕಣಿ ತೆಗೆದರೂ ಸಾಲದೆ, ದಿಬ್ಬ ಏರಿಸಿ ಸಸಿ ಇಡಬೇಕು, ಇಲ್ಲವೇ ಅಡಿಕೆಯ ಆಸೆ ಬಿಟ್ಟು ಭತ್ತವನ್ನೇ ಬೆಳೆಯಬೇಕು. ನಾವು ಸಾಲ ಮಂಜೂರು ಮಾಡಿದ್ದು ಇಂಥ ಜಾಗಕ್ಕೆ. ಅವರ ಕಣಿ ತಪ್ಪಿರಲಿಲ್ಲ, ಅದನ್ನು ತೆಗೆದ ಜಾಗಕ್ಕೆ ಆ ಕ್ರಮ ಹೊಂದುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಲೆಕ್ಕದಲ್ಲಿ ಕಾಣುತ್ತದೆ. ಜಲವಾಹಕತೆ ಅರ್ಧ ಮೀಟರ್ ಇರುವ ತೋಟದಲ್ಲಿ ಕಣಿಯನ್ನು ಒಂದು ಗೇಣು, ಅಂದರೆ ಸುಮಾರು 25 ಸೆಂಟಿಮೀಟರ್, ಹೆಚ್ಚು ಆಳ ಮಾಡಿದರೆ ಅಂತರ 5ರಿಂದ ಏಳೂವರೆ ಮೀಟರ್‌ಗೆ ಏರುತ್ತದೆ. ಮೂರು ಕಣಿಯ ಕೆಲಸ ಎರಡರಲ್ಲಿ ಆಯಿತು. ಹೂಳು ತುಂಬಿ ಒಂದು ಗೇಣು ಏರಿದರೆ ಇದೇ ಲೆಕ್ಕ ತಿರುಗಿ ಬೀಳುತ್ತದೆ. ಅಜ್ಜಂದಿರು ಮೇ ತಿಂಗಳಲ್ಲಿ ಕಣಿ ಕೆರೆಸದೆ ಬಿಡುತ್ತಿರಲಿಲ್ಲ. ಈಗ ಆಳು ಸಿಗುವುದಿಲ್ಲ ಎಂದು ಎರಡು ಮೂರು ವರ್ಷ ಹಾಗೆಯೇ ಬಿಡುವವರಿದ್ದಾರೆ. ಸಂಬಳ ಉಳಿಯಿತು ಎಂದು ಅನಿಸುವುದು ಸಹಜ, ನಮಗೂ ಅನಿಸಿದ್ದುಂಟು.

ಆದರೆ ಮಣ್ಣಿನ ಜಲವಾಹಕತೆ ಗೊತ್ತಾಗುವುದು ಹೇಗೆ? ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಡಚ್ಚರು 1930ರ ದಶಕದಲ್ಲಿ ಬೆಳೆಸಿದ ಒಂದು ಸುಲಭ ಉಪಾಯ ಉಂಟು. ಮಳೆಗಾಲದಲ್ಲಿ, ನೆಲದಲ್ಲಿ ನೀರು ಮೇಲಿರುವಾಗ, ಮಣ್ಣು ಕೊರೆಯುವ ಬೈರಿಗೆಯಿಂದ ಅಂಗೈ ಅಗಲದ ಒಂದು ತೂತು ಕೊರೆಯಬೇಕು. ನೀರು ಏರಿ ಒಂದು ಮಟ್ಟದಲ್ಲಿ ನಿಲ್ಲುವವರೆಗೆ ಕಾಯಬೇಕು. ಆಮೇಲೆ ನೀರನ್ನು ಬೇಗ ತೋಡಿ ಹಾಕಿ, ಮತ್ತೆ ಎಷ್ಟು ಸೆಕೆಂಡಿಗೆ ಎಷ್ಟು ಸೆಂಟಿಮೀಟರ್ ಏರುತ್ತದೆ ಎಂದು ತೇಲುವ ಬೆಂಡಿಗೆ ಟೇಪು ಕಟ್ಟಿ ನೋಡಬೇಕು. ಬೇಗ ಏರಿದರೆ ಮಣ್ಣು ನೀರು ಬಿಡುತ್ತದೆ, ನಿಧಾನವಾದರೆ ಹಿಡಿದುಕೊಳ್ಳುತ್ತದೆ. ಅಂಕಿ ಮಾಡಲು ತಯಾರು ಕೋಷ್ಟಕಗಳಿವೆ. ಒಂದು ತೂತು ನಂಬಿ ಕೂರಬಾರದು. ನಮ್ಮ ನೆಲದಲ್ಲಿ ಹತ್ತು ಹೆಜ್ಜೆಗೆ ಗುಣ ಬದಲಾಗುತ್ತದೆ. ಎಕರೆಗೆ ನಾಲ್ಕೈದಾದರೂ ಬೇಕು. ನಾವು ಹಾಗೆ ನೋಡಿದ ಒಂದು ತೋಟದಲ್ಲಿ ಮೇಲಿನ ಮೂಲೆಯ ತೂತು ಕಾಫಿ ಕುಡಿದು ಬರುವಷ್ಟರಲ್ಲಿ ತುಂಬಿತ್ತು, ಕೆಳಗಿನ ಮೂಲೆಯದ್ದು ಮರುದಿನ ಬೆಳಿಗ್ಗೆಗೂ ಅರ್ಧಕ್ಕೆ ಬಂದಿರಲಿಲ್ಲ. ಒಂದೇ ತೋಟ, ಒಂದೇ ಸಾಲದ ಅರ್ಜಿ.

ಈ ಸೂತ್ರಕ್ಕೆ ಗೊತ್ತಿಲ್ಲದ ವಿಷಯವೊಂದು ಉಂಟು. ಕಣಿಗೆ ಬಂದ ನೀರು ಹೊರಗೆ ಹೋಗುತ್ತದೆ ಎಂದು ಅದು ನಂಬಿಕೊಂಡಿದೆ. ಕಣಿಯ ಬಾಯಿ ತೋಡಿಗೆ, ತೋಡು ಹೊಳೆಗೆ. ಮೊದಲು ಬೈಲಿನಲ್ಲಿ ಇದಕ್ಕೆ ಕಷ್ಟ ಇರಲಿಲ್ಲ. ಗದ್ದೆಯಿಂದ ಗದ್ದೆಗೆ ಹುಣಿ ಕಡಿದು ನೀರು ಬಿಡುವುದು, ತೋಡಿನ ಹೂಳು ಒಟ್ಟಿಗೆ ಸೇರಿ ತೆಗೆಯುವುದು, ಸುಗ್ಗಿಗೆ ಕಟ್ಟ ಕಟ್ಟುವುದು ಇವೆಲ್ಲ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಈಗ ಬೈಲಿನ ಅರ್ಧ ಗದ್ದೆಗೆ ಗುಡ್ಡದ ಮಣ್ಣು ತುಂಬಿಸಿ ಸೈಟು ಆಗಿದೆ. ಮೇಲಿನವರ ಕಣಿಯ ಬಾಯಿಗೆ ಕೆಳಗಿನವರ ಕಂಪೌಂಡು ಗೋಡೆ. ಆ ಸದಸ್ಯರ ತೋಟಕ್ಕೂ ಆದದ್ದು ಇದೇ. ನಾವು ಹೋಗಿ ನೋಡಿದಾಗ ಕಣಿಯಲ್ಲಿ ನೀರು ನಿಂತಿತ್ತು, ಹರಿಯುತ್ತಿರಲಿಲ್ಲ. ಕಣಿಯೇ ತುಂಬಿದ್ದರೆ ಏರಿನ ಲೆಕ್ಕಕ್ಕೆ ಅರ್ಥವೇ ಇಲ್ಲ. ಮಣ್ಣೂ ಕೆಟ್ಟದ್ದು, ಬಾಯಿಯೂ ಕಟ್ಟಿದೆ. ಸಸಿ ಪಾಪ ಎಂತ ಮಾಡೀತು?

ಕಾನೂನು ಇಲ್ಲದೆ ಇಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನಲ್ಲಿ, ಮೇಲಿನ ಜಾಗದಲ್ಲಿ ಹುಟ್ಟಿದ ಅಥವಾ ಬಿದ್ದ ನೀರು ಸಹಜವಾಗಿ ಹರಿದು ಬರುವಾಗ ಕೆಳಗಿನ ಜಾಗದವರು ಬಿಡಬೇಕು ಎಂಬುದು ಉದಾಹರಣೆ ಸಮೇತ ಉಂಟು. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿದ್ದರಿಂದ ಸುರುವಿನಿಂದಲೇ ಇಲ್ಲಿಗೂ ಅದು ಅನ್ವಯ. ಆದರೆ ಆಟಿಯ ಮಳೆಯಲ್ಲಿ ಕಟ್ಟಿದ ಕಣಿಗೆ ಕೋರ್ಟಿನ ತಾರೀಕು ಬರುವಷ್ಟರಲ್ಲಿ ಬೇರು ಉಳಿದಿರುವುದಿಲ್ಲ. ಡಚ್ಚರು ಹದಿಮೂರನೇ ಶತಮಾನದಿಂದಲೇ ಇದಕ್ಕಾಗಿ ನೀರಿನ ಮಂಡಳಿಗಳನ್ನು ಕಟ್ಟಿಕೊಂಡರು. ಜಮೀನು ಇದ್ದವನು ಕಂದಾಯ ಕೊಡಬೇಕು, ತೋಡಿನ ತನ್ನ ಪಾಲನ್ನು ಶುಚಿ ಇಡಬೇಕು, ವರ್ಷಕ್ಕೆ ತಪಾಸಣೆ. ಸಹಕಾರ ಎಂಬ ಶಬ್ದ ಹುಟ್ಟುವ ಮೊದಲಿನ ಸಹಕಾರಿ ಸಂಘ ಅದು ಎಂದು ನಮಗೆ ತೋರುತ್ತದೆ.

ಆ ಸದಸ್ಯರ ಕತೆ ಎಲ್ಲಿಗೆ ಬಂತು ಎಂದು ಕೇಳುವವರಿರಬಹುದು. ಕೆಳಗಿನ ಜಾಗದವರ ಮನೆಗೆ ನಾವು ಮೂರು ಮಂದಿ ನಿರ್ದೇಶಕರು ನಾಲ್ಕು ಸಲ ಹೋದೆವು. ಮೊದಲ ಎರಡು ಸಲ ಬಾಯಾರಿಕೆಗೆ ಬೆಲ್ಲ ನೀರು ಸಿಕ್ಕಿತು ವಿನಾ ಮಾತು ಸಿಕ್ಕಲಿಲ್ಲ. ನಾಲ್ಕನೇ ಸಲ ಅವರು ಗೋಡೆಯಡಿ ಸಿಮೆಂಟು ಪೈಪು ಹಾಕಲು ಒಪ್ಪಿದರು. ಖರ್ಚನ್ನು ಮೇಲಿನ ಮೂವರು ಹಂಚಿಕೊಂಡರು. ತೋಟದ ಮೇಲಿನ ಅರ್ಧ ಉಳಿಯಿತು. ಕೆಳಗಿನ ಅರ್ಧದ ಅಡಿಕೆ ಉಳಿಯಲಿಲ್ಲ. ಅಲ್ಲಿ ಈಗ ಹಸುಗಳಿಗೆ ಹುಲ್ಲು ಬೆಳೆಯುತ್ತಾರೆ. ಸಾಲ ತೀರಿತು, ತಡವಾಗಿ, ಬಡ್ಡಿ ಸೇರಿ. ಆ ಬಡ್ಡಿಯನ್ನು ನಾವು ಬಿಡಬೇಕಿತ್ತು ಎಂದು ಈಗಲೂ ಅನಿಸುತ್ತದೆ. ನಿಯಮದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ ಎಂದು ಆಗ ನಿರ್ಣಯ ಬರೆದೆವು.

ಅಂದಿನಿಂದ ಕಣಿಯ ಸಾಲದ ಅರ್ಜಿಗೆ ಎರಡು ಅಂಕಣ ಹೆಚ್ಚು ಸೇರಿದೆ: ಮಣ್ಣಿನ ಪರೀಕ್ಷೆಯ ಫಲಿತಾಂಶ, ಮತ್ತು ನೀರು ಹೊರಹೋಗುವ ದಾರಿ ಯಾರ ಜಾಗದಲ್ಲಿ. ಎರಡನೆಯದಕ್ಕೆ ಆ ಜಾಗದವರ ಸಹಿ ಬೇಕು. ಬೈರಿಗೆಯೊಂದನ್ನು ಸಂಘದಿಂದಲೇ ಮಾಡಿಸಿ ಇಟ್ಟಿದ್ದೇವೆ. ಗೊಬ್ಬರದ ಗೋದಾಮಿನಲ್ಲಿ ಬಾಗಿಲ ಹಿಂದೆ ಉಂಟು. ಬಾಡಿಗೆ ಇಲ್ಲ, ರಿಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಬಹುದು. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಕೇಳುವವರು ಹೆಚ್ಚು, ಆದ್ದರಿಂದ ಎರಡು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಕೊಡುವಾಗ ಮಣ್ಣು ತೊಳೆದು ಕೊಡಬೇಕು.